ವಯಸ್ಸು ಕೇಳಿದಿರಿ, ಕಸುವು ಕೇಳಲಿಲ್ಲ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಆರೋಗ್ಯ ಅಧಿಕಾರಿಗಳಿಗೆ, ಆಸ್ಪತ್ರೆ ನಡೆಸುವ ಹಿರಿಯರಿಗೆ, ಹಾಗೇ ಮನೆಯಲ್ಲಿ ಎಪ್ಪತ್ತು ದಾಟಿದ ಅವ್ವ ಅಪ್ಪ ಇರುವ ಎಲ್ಲರಿಗೂ,

ಶರಣು ಶರಣಾರ್ಥಿ.

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಡಾಕ್ಟರ್ ಅಲ್ಲ, ಲೀಡರ್ ಅಲ್ಲ. ಸೊಂಟ ಮುರಿದು ಬರುವ ಹಿರಿಯರಿಗೆ ನಮ್ಮ ಆಸ್ಪತ್ರೆಗಳಲ್ಲಿ ಆಗುವ ತಡದ ಬಗ್ಗೆ ಈ ಪತ್ರ. ಲೆಕ್ಕ ಬರೆದು ಬರೆದು ಒಂದು ಚಟ ಅಂಟಿಕೊಂಡಿದೆ, ಮನೆಯಲ್ಲಿ ಏನೇ ಆಗಲಿ ತಾರೀಖು, ಟೈಮು ಬರೆದಿಡುತ್ತೇನೆ. ಹೆಂಡತಿ ನಗುತ್ತಾಳೆ. ಅವ್ವ ಬಿದ್ದದ್ದನ್ನೂ ಬರೆದಿಟ್ಟಿದ್ದೇನೆ. 2024ರ ಏಪ್ರಿಲ್ 16, ಮಂಗಳವಾರ, ಬೆಳಗ್ಗೆ 5:40.

ನಮ್ಮ ಬಚ್ಚಲಿಗೆ ಹಾಸಿದ್ದು ಶಹಾಬಾದ್ ಕಲ್ಲು, ನಾವು ಪರಸಿ ಅನ್ನುತ್ತೇವಲ್ಲ, ಅದೇ. ಒಣಗಿದ್ದಾಗ ತಂಪು, ಒದ್ದೆಯಾದರೆ ಬೆಣ್ಣೆ. ಹಿಂದಿನ ರಾತ್ರಿ ಯಾರೋ ಬಟ್ಟೆ ಒಗೆದು ಸಬಕಾರದ ನೀರು ಹಾಗೇ ಬಿಟ್ಟಿದ್ದರು. ಅವ್ವ ಚರಗಿ ಹಿಡಿದುಕೊಂಡು ಹೋದವಳು ಜಾರಿ ಕುಂತಳು. ಚರಗಿ ಉರುಳಿದ ಸದ್ದಿಗೆ ನಾನು ಎದ್ದೆ. ನೋಡಿದರೆ ಎಡಗಾಲು ಬಲಗಾಲಿಗಿಂತ ಗಿಡ್ಡ ಕಾಣುತ್ತಿದೆ, ಪಾದ ಹೊರಗೆ ತಿರುಗಿಕೊಂಡು ಬಿದ್ದಿದೆ. "ಕಾಲು ಎತ್ತಲಾಕ ಬರವಲ್ದೋ" ಅಂದಳು. ಅತ್ತಿರಲಿಲ್ಲ.

ಮೊದಲ ತಪ್ಪು ನನ್ನದೇ, ಅದನ್ನು ಹೇಳಿಬಿಡುತ್ತೇನೆ. ಉಳುಕಿರಬೇಕು ಅಂದುಕೊಂಡೆವು. ಎಣ್ಣೆ ಬಿಸಿ ಮಾಡಿ ತಿಕ್ಕಿದೆವು. ಓಣಿಯವರೊಬ್ಬರು ಎಲುಬು ಕಟ್ಟುವವರ ಹತ್ತಿರ ಒಯ್ಯಿರಿ ಅಂದರು, ಇನ್ನೊಬ್ಬರು ಎರಡು ದಿನ ನೋಡಿ ಅಂದರು. ದವಾಖಾನೆಗೆ ಹೋದಾಗ ಸಂಜೆ ನಾಲ್ಕು. ಹಾಗೆ ಕಾಲು ಗಿಡ್ಡ ಆಗಿ ಪಾದ ಹೊರಗೆ ತಿರುಗಿದರೆ ಸೊಂಟದ ಹತ್ತಿರ ತೊಡೆ ಎಲುಬು ಮುರಿದಿದೆ ಅಂತಲೇ ಹಿಡಿಯಬೇಕಂತೆ, ತಿಕ್ಕಲೇಬಾರದಂತೆ. ನಮಗೆ ಯಾರೂ ಹೇಳಿರಲಿಲ್ಲ. ಈಗ ನಾನು ನಿಮಗೆ ಹೇಳುತ್ತಿದ್ದೇನೆ.

ಆಮೇಲಿನ ಪುಟ ಹೀಗಿದೆ. ಮಂಗಳವಾರ ಎಕ್ಸರೇ ಆಯಿತು, "ಆಪರೇಷನ್ ಮಾಡಿ ರಾಡ್ ಹಾಕಬೇಕು" ಅಂದರು. ಬುಧವಾರ ರಾಮನವಮಿ, ರಜೆ. ಗುರುವಾರ ರಕ್ತ, ಇಸಿಜಿ. ಶುಕ್ರವಾರ ಹೃದಯದ ಎಕೋ ಮಾಡಿಸಿ ಅಂದರು, ಎಕೋ ಮಾಡುವವರು ಬಂದಿರಲಿಲ್ಲ. ಶನಿವಾರ ಬಂದರು. ಭಾನುವಾರ ಏನೂ ಇಲ್ಲ. ಸೋಮವಾರ ಲಿಸ್ಟಿನಲ್ಲಿ ಹೆಸರು ಬಂತು, ರಾತ್ರಿಯಿಂದ ಒಂದು ಗುಟುಕು ನೀರೂ ಇಲ್ಲ, ಮಧ್ಯಾಹ್ನ ಮೂರಕ್ಕೆ ಬಂದು "ಇವತ್ತು ಆಗಲ್ಲ, ಉಣ್ಣಿಸಿ" ಅಂದರು. ಮಂಗಳವಾರ ಅದೇ ಕಥೆ. ಬುಧವಾರ ರಾಡ್ ಬರಬೇಕಿತ್ತು, ಬರಲಿಲ್ಲ. ಗುರುವಾರ, ಏಪ್ರಿಲ್ 25, ಬೆಳಗ್ಗೆ 11ಕ್ಕೆ ಒಳಗೆ ಒಯ್ದರು.

ಬಿದ್ದ ಗಳಿಗೆಯಿಂದ ಎಣಿಸಿದರೆ 221 ಗಂಟೆ.

ಆ ಆಸ್ಪತ್ರೆ ಯಾವುದು ಅಂತ ಬರೆಯುವುದಿಲ್ಲ. ಸರಕಾರಿಯೋ ಖಾಸಗಿಯೋ ಅದನ್ನೂ ಬರೆಯುವುದಿಲ್ಲ. ಬರೆದರೆ ನೀವು ಯಾವನೋ ವಾರ್ಡ್ ಬಾಯ್‌ಗೆ ನೋಟಿಸ್ ಕೊಟ್ಟು ಫೈಲ್ ಮುಚ್ಚುತ್ತೀರಿ. ಅಲ್ಲಿನ ನರ್ಸಮ್ಮಗಳು ಒಳ್ಳೆಯವರು, ಒಬ್ಬೊಬ್ಬರಿಗೆ ಇಡೀ ವಾರ್ಡು. ಆಪರೇಷನ್ ಮಾಡಿದ ಡಾಕ್ಟರ ಕೈ ಒಳ್ಳೆಯದು, ರಾಡ್ ನೆಟ್ಟಗೆ ಕುಂತಿತ್ತು. ಎಕ್ಸರೇ ನೋಡಿದ ಪ್ರತಿ ಡಾಕ್ಟರೂ "ಚೆನ್ನಾಗಿ ಮಾಡಿದ್ದಾರೆ" ಅಂದರು. ಶ್ರಾವಣದ ಎರಡನೇ ಸೋಮವಾರ ಅವ್ವ ಹೋದಾಗಲೂ ಆ ರಾಡ್ ನೆಟ್ಟಗೇ ಇತ್ತು.

ಆ ಹತ್ತು ದಿನ ನಾವು ಕಂಡದ್ದರಲ್ಲಿ ಒಂದನ್ನು ಬಿಡಿಸಿ ಹೇಳಬೇಕು. ಏಪ್ರಿಲ್ ಅಂದರೆ ನಮ್ಮ ಕಡೆ ಹೇಗಿರುತ್ತದೆ ಗೊತ್ತಲ್ಲ, ವಾರ್ಡಿನ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಅಂಥದ್ದರಲ್ಲಿ ಅವ್ವ ನೀರು ಕುಡಿಯುವುದನ್ನು ನಿಲ್ಲಿಸಿದಳು. ಲೋಟ ಬಾಯಿಗೆ ಹಿಡಿದರೆ ತುಟಿ ಒದ್ದೆ ಮಾಡಿ ತಳ್ಳುತ್ತಿದ್ದಳು. ನಾವು ಗದರಿಸಿದೆವು. ಮೂರನೇ ದಿನ ನನ್ನ ಹೆಂಡತಿಗೆ ಗೊತ್ತಾಯಿತು, ಪಕ್ಕದ ಮಂಚದ ಅಜ್ಜಿಯೂ ಹಾಗೇ, ಆಚೆ ಮಂಚದವಳೂ ಹಾಗೇ. ನೀರು ಕುಡಿದರೆ ಒಂದಕ್ಕೆ ಹೋಗಬೇಕು. ಒಂದಕ್ಕೆ ಬಂದರೆ ಮುರಿದ ಸೊಂಟ ಎತ್ತಿ ಕೆಳಗೆ ಪಾತ್ರೆ ಇಡಬೇಕು. ಆ ನೋವು, ಮೇಲೆ ಪರದೆ ಇಲ್ಲದ ವಾರ್ಡು, ಎದುರಿಗೆ ಬೇರೆಯವರ ಗಂಡಸರು. ಹಾಗಾಗಿ ನಮ್ಮ ಮುದುಕಿಯರೆಲ್ಲ ಯಾರೂ ಹೇಳದೆ ಒಂದೇ ಉಪಾಯ ಹೂಡಿದ್ದರು, ಬಾಯಿ ಕಟ್ಟಿಕೊಳ್ಳುವುದು. ಆ ಒಣಗಿದ ಮೈಗೆ ಉಚ್ಚೆಯ ಸೋಂಕು ಬಂತು, ಮಂಪರು ಬಂತು, ಫಿಟ್‌ನೆಸ್ ಕೊಡುವ ಡಾಕ್ಟರು "ಕ್ರಿಯಾಟಿನಿನ್ ಏರಿದೆ, ಎರಡು ದಿನ ತಡೀರಿ" ಅಂದರು, ಅಂದರೆ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ತಡೆದಷ್ಟೂ ಒಣಗಿದಳು, ಒಣಗಿದಷ್ಟೂ ತಡೆದರು. ಒಂದು ಪರದೆ ಇದ್ದಿದ್ದರೆ?

ಈಗ ಇನ್ನೊಂದು ಪುಟ. ನಮ್ಮ ಕಾಕಿ, ಅಪ್ಪನ ತಮ್ಮನ ಹೆಂಡತಿ. ಅವ್ವನಿಗೆ 71 ಆಗಿತ್ತು, ಕಾಕಿಗೆ 82. ಎಳ್ಳಮಾಸಿ ಆದ ಮೂರನೇ ದಿನ, 2025ರ ಜನವರಿ 2, ಗುರುವಾರ ಬೆಳಗ್ಗೆ ಹತ್ತಕ್ಕೆ ಅಂಗಳದ ಮೆಟ್ಟಿಲಲ್ಲಿ ಬಿದ್ದಳು. ಅದೇ ಗಿಡ್ಡ ಕಾಲು, ಅದೇ ತಿರುಗಿದ ಪಾದ. ಈ ಸಲ ಎಣ್ಣೆ ಇಲ್ಲ, ಎಲುಬು ಕಟ್ಟುವವರಿಲ್ಲ, ಗಾಡಿ ಮಾಡಿಕೊಂಡು ನೇರ ಹೋದೆವು. ಬೇರೆ ಊರು, ಬೇರೆ ಆಸ್ಪತ್ರೆ.

ಅಲ್ಲಿ ಅರಿವಳಿಕೆ ಕೊಡುವ ಒಬ್ಬ ಹೆಣ್ಣು ಡಾಕ್ಟರು ಬಂದರು. ಚಿಕ್ಕ ವಯಸ್ಸು. ಫೈಲ್ ಕೂಡ ತೆರೆಯಲಿಲ್ಲ, ಮೊದಲು ಕಾಕಿಯ ತೊಡೆ ಸಂದಿಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರು, ನರಕ್ಕೆ. ಅರ್ಧ ತಾಸಿನಲ್ಲಿ ಕಾಕಿ ಕೂಗುವುದು ನಿಂತಿತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಎರಡು ವಾರದ ಹಿಂದೆ ಅಜ್ಜಿ ಹೇಗಿದ್ರು?"

ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಬಿದ್ದದ್ದು ಇವತ್ತು, ಎರಡು ವಾರದ ಹಿಂದಿನದು ಯಾಕೆ? ಅವರು ಬಿಡಲಿಲ್ಲ. ತಾನೇ ಸ್ನಾನ ಮಾಡ್ತಿದ್ರಾ? ಅಂಗಡಿಗೆ ಹೋಗ್ತಿದ್ರಾ? ದುಡ್ಡಿನ ಲೆಕ್ಕ ತಿಳೀತಿತ್ತಾ? ಎಷ್ಟು ದೂರ ನಡೀತಿದ್ರು, ಕೋಲು ಬೇಕಿತ್ತಾ? ಈಚೆಗೆ ತೂಕ ಇಳಿದಿದೆಯಾ, ರವಿಕೆ ಸಡಿಲ ಆಗಿದೆಯಾ? ನಾನು ಹೇಳಿದೆ, ಎಳ್ಳಮಾಸಿಗೆ ಎಲ್ಲರೂ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋದೆವು, ಚರಗ ಚೆಲ್ಲಿ ಭಜ್ಜಿ ರೊಟ್ಟಿ ಉಂಡು ಬಂದೆವು, ಕಾಕಿ ಮಾತ್ರ "ನನ್ನಿಂದ ಆಗವಲ್ದು" ಅಂತ ಮನೆಯಲ್ಲೇ ಉಳಿದಳು. ಸ್ನಾನಕ್ಕೆ ಸೊಸೆ ಬೇಕು. ಮನೆಯೊಳಗೆ ಕೋಲು ಹಿಡಿದು ಓಡಾಡುತ್ತಾಳೆ. ಅವರು ತಲೆ ಆಡಿಸಿ ಹಾಳೆಯ ಮೂಲೆಯಲ್ಲಿ 6 ಅಂತ ಬರೆದರು.

ಆ 6 ಏನು ಅಂತ ಆಮೇಲೆ ಕೇಳಿ ತಿಳಿದುಕೊಂಡೆ, ಮಿಲ್ಲಿಗೆ ಬಂದು ಮೊಬೈಲಿನಲ್ಲಿ ಓದಿಯೂ ನೋಡಿದೆ. ಕೆನಡಾದ ಕೆನೆತ್ ರಾಕ್‌ವುಡ್ ಅನ್ನುವ ಡಾಕ್ಟರು ಮತ್ತವರ ಜೊತೆಗಾರರು 2005ರಲ್ಲಿ ಮಾಡಿದ ಅಳತೆ ಅದು. ಈಗ 1ರಿಂದ 9ರವರೆಗೆ ಇದೆ. 1 ಅಂದರೆ ಗಟ್ಟಿಮುಟ್ಟು. 5 ಅಂದರೆ ಸಂತೆ, ಅಡುಗೆ, ದುಡ್ಡಿನ ವ್ಯವಹಾರಕ್ಕೆ ಇನ್ನೊಬ್ಬರು ಬೇಕು. 6 ಅಂದರೆ ಹೊರಗೆ ಹೋಗಲು, ಮೆಟ್ಟಿಲು ಹತ್ತಲು, ಸ್ನಾನ ಮಾಡಲು ಆಸರೆ ಬೇಕು. 7 ಅಂದರೆ ಮೈಮೇಲಿನ ಕೆಲಸಕ್ಕೆಲ್ಲ ಇನ್ನೊಬ್ಬರೇ ಗತಿ. 9 ಅಂದರೆ ಕೊನೆಗಾಲ. ರಕ್ತ ಬೇಡ, ಮಷೀನು ಬೇಡ, ಮನೆಯವರ ಜೊತೆ ಐದು ನಿಮಿಷ ಮಾತಾಡಿದರೆ ಆಯಿತು. ಒಂದೇ ನಿಯಮ, ಸ್ಟ್ರೆಚರ್ ಮೇಲೆ ಮಲಗಿದವರನ್ನು ನೋಡಿ ನಂಬರ್ ಕೊಡಬಾರದು, ಸೊಂಟ ಮುರಿದಾಗ ಎಲ್ಲರೂ ಸೋತೇ ಕಾಣುತ್ತಾರೆ. ಅದಕ್ಕೇ ಎರಡು ವಾರದ ಹಿಂದೆ ಹೇಗಿದ್ದರು ಅಂತ ಕೇಳುವುದು. ಅವರು ಅದನ್ನು ಫ್ರೇಲ್ಟಿ ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಯಾವತ್ತಿನಿಂದಲೂ ಮಾತಿದೆ, ಕಸುವು. "ಮುತ್ಯಾಗ ಕಸುವು ಉಳಿದಿಲ್ಲ" ಅಂತೀವಲ್ಲ. ಅದೇ ವಯಸ್ಸಿನ ಇನ್ನೊಬ್ಬ ಮುತ್ಯಾ ಎತ್ತು ಹೂಡುತ್ತಿರುತ್ತಾನೆ. ವಯಸ್ಸು ಒಂದೇ, ಕಸುವು ಬೇರೆ. ಸೊಂಟ ಮುರಿದ ಮೇಲೆ ಯಾರು ಉಳಿಯುತ್ತಾರೆ ಅನ್ನುವುದಕ್ಕೆ ಹುಟ್ಟಿದ ವರ್ಷಕ್ಕಿಂತ ಈ ಕಸುವೇ ಜಾಸ್ತಿ ಸುಳಿವು ಕೊಡುತ್ತದಂತೆ.

ನಮ್ಮವ್ವನ ಬಗ್ಗೆ ಯಾರಾದರೂ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ ಗೊತ್ತಾ? ಎರಡು ವಾರದ ಹಿಂದೆ ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ನೋಡಲು ಎರಡು ತಾಸು ನಿಂತಿದ್ದಳು. ಮೊಮ್ಮಗನಿಗೆ ಬೆಂಡು ಬತ್ತಾಸು ಕೊಡಿಸಿ, ಚಿಲ್ಲರೆ ಎಣಿಸಿ ವಾಪಸ್ ಇಸಿದುಕೊಂಡಿದ್ದಳು. ಬಿ.ಪಿ. ಗುಳಿಗೆ ಒಂದು, ಅಷ್ಟೇ. 3 ಅಂತ ಬರೆಯಬಹುದಿತ್ತು. ಯಾರೂ ಕೇಳಲಿಲ್ಲ. ಕೇಳಿದ್ದು ವಯಸ್ಸು. "71 ಆಗಿದೆ, ಟೇಬಲ್ ಮೇಲೇ ಹೋಗಬಹುದು, ಸಹಿ ಮಾಡಿ." ಆ ಮಾತು ಕೇಳಿದ ಮೇಲೆ ನಾವೂ ತಡ ಆದರೆ ಆಗಲಿ ಅಂತ ಸುಮ್ನಾದೆವು, ಬೇಗ ಮಾಡಿ ಅಂತ ಜೋರು ಮಾಡಲಿಲ್ಲ.

ಕಾಕಿಗೆ ಶುಕ್ರವಾರ ಸಂಜೆ ಆರಕ್ಕೆ ಆಪರೇಷನ್ ಆಯಿತು. 32 ಗಂಟೆ. ಅವಳಿಗೆ ರಾಡ್ ಅಲ್ಲ, ಕೀಲಿನ ಗುಂಡು ತೆಗೆದು ಬೇರೆ ಬಾಲ್ ಹಾಕಿದರು. ತೊಡೆ ಎಲುಬಿನಲ್ಲಿ ಆ ಗುಂಡಿನ ಕೆಳಗಿನ ಕುತ್ತಿಗೆ ಮುರಿದರೆ ವಯಸ್ಸಾದವರಿಗೆ ಸಾಮಾನ್ಯವಾಗಿ ಬಾಲ್, ಅದಕ್ಕಿಂತ ಕೆಳಗೆ ಮುರಿದರೆ ರಾಡೋ ಪ್ಲೇಟೋ. ಶನಿವಾರ ಬೆಳಗ್ಗೆ ಫಿಜಿಯೋ ಹುಡುಗ ಬಂದು "ಏಳು ಆಯಿ" ಅಂದ. ಕಾಕಿ ಅವನ ವಂಶವನ್ನೆಲ್ಲ ಬೈದಳು. ಆದರೂ ಇಬ್ಬರು ಹಿಡಿದು ಎಬ್ಬಿಸಿದರು, ಒಂದು ನಿಮಿಷ ನಿಂತಳು, ಕುಂತಳು. ಸಂಜೆ ಮತ್ತೆ.

ಅವ್ವನಿಗೆ ಏನು ಹೇಳಿದ್ದರು? "ರೆಸ್ಟ್ ಮಾಡಲಿ." ಮನೆಗೆ ಬಂದ ಮೇಲೆ ನೆಂಟರೆಲ್ಲ ಸೇರಿ ಆರು ವಾರ ಅಲುಗಾಡಿಸಬೇಡಿ ಅಂದರು. ನಾವು ಪ್ರೀತಿಯಿಂದಲೇ ಅಲುಗಾಡಿಸಲಿಲ್ಲ. ಎಲ್ಲ ಹಾಸಿಗೆಯಲ್ಲೇ. ನನಗೆ ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ, ಯಾಕೆಂದರೆ ಇವತ್ತಿನ ರಾಡು, ಬಾಲು ಎಲ್ಲ ಮಾಡಿರುವುದೇ ಮರುದಿನ ಮೈಭಾರ ಹಾಕಿ ನಿಲ್ಲಲಿ ಅಂತ. ಬೇಡ ಅಂತ ಆಪರೇಷನ್ ಮಾಡಿದ ಡಾಕ್ಟರೇ ಹೇಳಿದರೆ ಮಾತು ಬೇರೆ. 2007ರಲ್ಲಿ ಅಮೆರಿಕದಲ್ಲಿ ಏನೂ ರೋಗ ಇಲ್ಲದ ಕೆಲವು ಹಿರಿಯರನ್ನು ಬರೀ ಹತ್ತು ದಿನ ಹಾಸಿಗೆಯಲ್ಲಿ ಇಟ್ಟು ನೋಡಿದರು. ಕಾಲಿನ ಮಾಂಸಖಂಡ ಸುಮಾರು ಒಂದು ಕಿಲೋ ಕರಗಿತ್ತು. ಅವರ ಎಲುಬು ಮುರಿದಿರಲಿಲ್ಲ, ಉಪವಾಸ ಇರಲಿಲ್ಲ, ಏಪ್ರಿಲ್ ಬಿಸಿಲೂ ಇರಲಿಲ್ಲ. ಅವ್ವ ಆಪರೇಷನ್‌ಗೆ ಮುಂಚೆಯೇ ಹತ್ತು ದಿನ ಮಲಗಿದ್ದಳು, ಆಮೇಲೆ ಆರು ವಾರ. 3ರಲ್ಲಿ ಇದ್ದವಳನ್ನು ನಾವೆಲ್ಲ ಸೇರಿ 7ಕ್ಕೆ ಇಳಿಸಿದೆವು. ಕಸುವು ಮುಪ್ಪಿನಿಂದ ಮಾತ್ರ ಹೋಗುತ್ತದೆ ಅಂದುಕೊಂಡಿದ್ದೆ, ಮಂಚದ ಮೇಲೂ ಹೋಗುತ್ತದೆ. ಬೆನ್ನಿನ ಕೆಳಗೆ ಹುಣ್ಣಾಯಿತು, ಮೊದಲು ಎಂಟಾಣೆ ಅಗಲ, ಆಮೇಲೆ ಅಂಗೈ ಅಗಲ. ಏಳನೇ ವಾರ ವಾಕರ್ ತಂದು ನಿಲ್ಲಿಸಿದರೆ ಮೊಣಕಾಲು ಗಡಗಡ. ಹನ್ನೊಂದು ದಿನ ಪ್ರಯತ್ನ ಪಟ್ಟಳು. ಜುಲೈ ಕೊನೆಗೆ ಕಫ ಕಟ್ಟಿತು, ನ್ಯುಮೋನಿಯಾ ಅಂದರು. ಬಿದ್ದು 118ನೇ ದಿನಕ್ಕೆ ನೋಟ್‌ಬುಕ್ಕಿನ ಆ ಪುಟ ಮುಗಿಯಿತು.

ಇಬ್ಬರು ಮುದುಕಿಯರ ಕಥೆಯಿಂದ ಲೆಕ್ಕ ಕಟ್ಟಲು ಬರುವುದಿಲ್ಲ, ಅದು ನನಗೂ ಗೊತ್ತು. ಕಾಕಿಯೂ ಹೋಗಬಹುದಿತ್ತು, ಅವ್ವ ಉಳಿಯಬಹುದಿತ್ತು. ಬೇರೆ ಬೇರೆ ದೇಶಗಳ ಲೆಕ್ಕ ನೋಡಿದರೆ ಸೊಂಟ ಮುರಿದ ಹಿರಿಯರಲ್ಲಿ ನೂರಕ್ಕೆ 20ರಿಂದ 30 ಜನ ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲೂ ಹೆಚ್ಚುಕಮ್ಮಿ ಅರ್ಧ ಜನ ಮೊದಲಿನ ಹಾಗೆ ನಡೆಯುವುದಿಲ್ಲ. ಒಳ್ಳೆಯ ಆಸ್ಪತ್ರೆ ಇರುವ ದೇಶಗಳಲ್ಲೇ ಹೀಗೆ. ಕಸುವು ಕಡಿಮೆ ಇದ್ದವರು ಇನ್ನೂ ಬೇಗ ಹೋಗುತ್ತಾರೆ, ಅದೂ ನಿಜ.

ಹಾಗಂತ ಗಂಟೆಗಳು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು ಅಂತಲೂ ಅಲ್ಲ. ಒಂದು ದೊಡ್ಡ ಪರೀಕ್ಷೆ ನಡೆದಿತ್ತು, 17 ದೇಶಗಳ 69 ಆಸ್ಪತ್ರೆಗಳಲ್ಲಿ 2970 ಜನರ ಮೇಲೆ, ಭಾರತವೂ ಅದರಲ್ಲಿತ್ತು, ಫಲಿತಾಂಶ 2020ರಲ್ಲಿ ಬಂತು. ಅರ್ಧ ಜನರಿಗೆ ಸುಮಾರು 6 ಗಂಟೆಯಲ್ಲಿ ಆಪರೇಷನ್, ಇನ್ನರ್ಧಕ್ಕೆ ಸುಮಾರು 24 ಗಂಟೆಯಲ್ಲಿ. ಸಾವಿನಲ್ಲಿ ಫರಕ್ ಕಾಣಲಿಲ್ಲ. ಬೇಗ ಮಾಡಿಸಿಕೊಂಡವರಿಗೆ ತಲೆ ಗೊಂದಲ ಕಡಿಮೆ ಆಯಿತು, ಬೇಗ ಎದ್ದು ನಿಂತರು, ಬೇಗ ಮನೆಗೆ ಹೋದರು. ಹಾಗಾಗಿ ನಾನು ಆರು ಗಂಟೆ ಕೇಳುತ್ತಿಲ್ಲ ಸಾಹೇಬರೇ. ಅಲ್ಲಿ ತಡ ಅಂದರೆ 24 ಗಂಟೆ. ನಮ್ಮಲ್ಲಿ ತಡ ಅಂದರೆ ಹತ್ತು ದಿನ. ಸೇರಿದ ದಿನ ಇಲ್ಲವೇ ಮರುದಿನ ಮಾಡಿ ಅಂತ ಇಂಗ್ಲೆಂಡಿನ ನಿಯಮ ಹೇಳುತ್ತದೆ. ನಮಗೆ 48 ಗಂಟೆ ಆದರೂ ಸಾಕು, ಅಲ್ಲಿಂದ ಶುರು ಮಾಡೋಣ.

ಆ ಇಂಗ್ಲೆಂಡಿನವರು ಏನು ಮಾಡಿದರು ಅನ್ನುವುದು ನನ್ನಂಥ ಲೆಕ್ಕದವನಿಗೆ ಬಹಳ ಹಿಡಿಸಿತು. 2007ರಲ್ಲಿ ಅವರು ಎಣಿಸಲು ಶುರು ಮಾಡಿದರು, ಅಷ್ಟೇ. ಸೊಂಟ ಮುರಿದು ಬಂದ ಪ್ರತಿಯೊಬ್ಬರದೂ, ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಟೇಬಲ್ಲಿಗೆ ಹೋದರು, ಹಿರಿಯರ ಡಾಕ್ಟರು (ಮುಪ್ಪಿನ ಕಾಯಿಲೆಗಳನ್ನೇ ನೋಡುವವರು) ನೋಡಿದರೋ ಇಲ್ಲವೋ, ಬದುಕಿದ್ದಾರೋ ಇಲ್ಲವೋ. ಯಾವ ಆಸ್ಪತ್ರೆ ಹೇಗೆ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದರು. 2010ರಿಂದ ಇನ್ನೊಂದು ಹೆಜ್ಜೆ, 36 ಗಂಟೆಯೊಳಗೆ ಆಪರೇಷನ್ ಮಾಡಿ, ಹಿರಿಯರ ಡಾಕ್ಟರಿಂದ ತೋರಿಸಿ, ಇನ್ನೂ ಕೆಲವು ಕೆಲಸ ಮುಗಿಸಿದರೆ ಆಸ್ಪತ್ರೆಗೆ ಹೆಚ್ಚಿನ ದುಡ್ಡು. ಮೂವತ್ತು ದಿನದೊಳಗೆ ಸಾಯುವವರು 2007ರಲ್ಲಿ ನೂರಕ್ಕೆ 10.9 ಇದ್ದದ್ದು 2011ಕ್ಕೆ 8.5 ಆಯಿತು.

ನಮ್ಮಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಒಳ್ಳೆಯ ಯೋಜನೆ, ಅದಿಲ್ಲದಿದ್ದರೆ ಕಾಕಿಯ ಬಾಲಿಗೆ ಹೊಲ ಅಡ ಇಡಬೇಕಿತ್ತು. ಅಲ್ಲಿ ದರ ಕಟ್ಟಿರುವುದು ಆಪರೇಷನ್‌ಗೆ. ಅದರ ಜೊತೆ ಗಂಟೆಯನ್ನೂ ಕಟ್ಟಿ ಅನ್ನುವುದು ನನ್ನ ಮನವಿ. 48 ಗಂಟೆಯೊಳಗೆ ಮಾಡಿ ಮರುದಿನ ನಿಲ್ಲಿಸಿದ ಆಸ್ಪತ್ರೆಗೆ ಸ್ವಲ್ಪ ಜಾಸ್ತಿ ಕೊಡಿ. ಮಿಲ್ಲಿನಲ್ಲಿ ಹಮಾಲಿಯವರಿಗೆ ನಾವು ಕೊಡುವುದಿಲ್ಲವಾ, ಸಂಜೆಯೊಳಗೆ ಲಾರಿ ತುಂಬಿದರೆ ಮೇಲೆ ಇಷ್ಟು ಅಂತ? ಲಾರಿ ತುಂಬುತ್ತದೆ. ಅನುಮತಿಯ ಕಾಗದ, ರೆಫರಲ್ ಚೀಟಿ, ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪು, ಇವೆಲ್ಲ ಆಪರೇಷನ್ ಆದ ಮೇಲೂ ಸರಿ ಮಾಡಬಹುದು. ರಾಡ್ ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ಬರಬೇಕು ಅಂತ ಕಾಯುವುದು ಯಾವ ಲೆಕ್ಕ? ಎರಡು ಸೈಜು ಮೂರು ಸೈಜು ಕಪಾಟಿನಲ್ಲಿ ಇಟ್ಟುಕೊಳ್ಳಬಹುದಲ್ವಾ?

ಎಕೋ ಬಗ್ಗೆ ಒಂದು ಮಾತು. ಎಕೋ ಬೇಡ ಅಂತಲ್ಲ. ಎಕೋಗಾಗಿ ಕಾಯುತ್ತ ಆಪರೇಷನ್ ಮುಂದೂಡಬೇಡಿ ಅಂತ ಬ್ರಿಟನ್ನಿನ ಅರಿವಳಿಕೆ ವೈದ್ಯರ ಸಂಘವೇ ಹೇಳಿದೆ. ಹಾಗೇ ಕಾಲಿಗೆ ಇಟ್ಟಿಗೆ ಕಟ್ಟಿ ಜೋತು ಬಿಡುವುದು. ಅವ್ವನಿಗೆ ಹತ್ತು ದಿನ ಕಟ್ಟಿದ್ದರು. ಆಪರೇಷನ್‌ಗೆ ಮುಂಚೆ ಹಾಗೆ ಎಳೆದು ಕಟ್ಟಿದರೆ ನೋವು ಕಡಿಮೆ ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಕಾಕಿಗೆ ಕೊಟ್ಟ ಆ ನರದ ಇಂಜೆಕ್ಷನ್ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಕೊಡಬಹುದು. ಉಪವಾಸವೂ ಹಾಗೇ, ಬರೀ ನೀರನ್ನು ಅರಿವಳಿಕೆಗೆ ಎರಡು ತಾಸು ಮುಂಚಿನವರೆಗೆ ಕುಡಿಯಬಹುದು. ರಾತ್ರಿ ಹತ್ತರಿಂದ ಮರುದಿನ ಮೂರರವರೆಗೆ ಬಾಯಿ ಒಣಗಿಸುವುದು ಯಾವ ಶಾಸ್ತ್ರ?

ಕಾಕಿಯದೆಲ್ಲ ಸುಖವಾಗಿ ನಡೆಯಿತು ಅಂತ ತಿಳಿಯಬೇಡಿ. ಎರಡನೇ ರಾತ್ರಿ ತಲೆ ಕೆಟ್ಟಿತು. ವಾರ್ಡನ್ನು ಬಸ್ ಸ್ಟ್ಯಾಂಡ್ ಅಂದುಕೊಂಡು "ಸೇಡಂ ಬಸ್ ಬಂತೇನೋ, ನನಗ ಯಾಕ ಕಟ್ಟಿ ಹಾಕ್ಲಾಕತ್ತೀರಿ" ಅಂತ ಸಲೈನ್ ಸೂಜಿ ಕಿತ್ತಳು. ಮಗ ಅತ್ತೇಬಿಟ್ಟ, ಅವ್ವನಿಗೆ ಹುಚ್ಚು ಹಿಡಿಯಿತು ಅಂತ. ಇದು ಸಾಮಾನ್ಯವಾಗಿ ಆಗುತ್ತದೆ, ಬಹಳ ಮಂದಿಗೆ ಇಳಿಯುತ್ತದೆ ಅಂತ ಆ ಡಾಕ್ಟರು ಸಮಾಧಾನ ಹೇಳಿದರು. ಚಾಳೀಸು ಹಾಕಿರಿ, ಕಿವಿಯ ಮಷೀನಿದ್ದರೆ ಹಾಕಿರಿ, ಕಿಟಕಿ ತೆಗೆಯಿರಿ ಹಗಲು ಯಾವುದು ರಾತ್ರಿ ಯಾವುದು ತಿಳಿಯಲಿ, ಗುರುತಿನವರೇ ಪಕ್ಕದಲ್ಲಿ ಕುಂತಿರಿ, ಮಲಬದ್ಧತೆ ಆಗದ ಹಾಗೆ ನೋಡಿರಿ. ನಾಲ್ಕನೇ ದಿನಕ್ಕೆ ಬಸ್ ಹೋಯಿತು, ಕಾಕಿ ಉಳಿದಳು. ಅವ್ವ ಮಂಪರಿನಲ್ಲಿ ಹಗಲೆಲ್ಲ ನಿದ್ದೆ ಹೋಗುತ್ತಿದ್ದಾಗ ನಾವು "ಪಾಪ ಮಲಗಲಿ, ಆರಾಮ ಆಗ್ತದ" ಅಂದುಕೊಂಡಿದ್ದೆವು. ಅದೂ ಈ ಗೊಂದಲದ್ದೇ ಇನ್ನೊಂದು ಮುಖವಂತೆ, ಸದ್ದಿಲ್ಲದ್ದು.

ಊಟದ ವಿಷಯಕ್ಕೆ ಬಂದರೆ ನನಗೆ ನಾಚಿಕೆ ಆಗುತ್ತದೆ. ತೊಗರಿ ಕಣಜ ಅಂತ ಕರೆಸಿಕೊಳ್ಳುವ ಜಿಲ್ಲೆ ನಮ್ಮದು. ನಾನು ದಿನಾ ಲೋಡುಗಟ್ಟಲೆ ಬೇಳೆ ಬರೆಯುತ್ತೇನೆ. ನಮ್ಮವ್ವ ನಾಲ್ಕು ತಿಂಗಳು ಗಂಜಿ ಕುಡಿದಳು, "ಹಗುರ ಊಟ" ಅಂತ. ಕಾಯಿಲೆ ಬಿದ್ದ ಹಿರಿಯರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು. ಅವ್ವ 45 ಕಿಲೋ, ಅಂದರೆ ಏನಿಲ್ಲವೆಂದರೂ 54 ಗ್ರಾಂ. ನೂರು ಗ್ರಾಂ ತೊಗರಿ ಬೇಳೆಯಲ್ಲಿ 22 ಗ್ರಾಂ ಇರುತ್ತದೆ, ಒಂದು ಮೊಟ್ಟೆಯಲ್ಲಿ ಸುಮಾರು 6. ಗಂಜಿಯಲ್ಲಿ ಏನಿದೆ? ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಕೊಳ್ಳಿ, ಉಳಿದವರು ದಯವಿಟ್ಟು ಗಟ್ಟಿ ಬೇಳೆ ಹಾಕಿ. ಆಸ್ಪತ್ರೆಯ ಊಟದಲ್ಲೂ ಹಾಕಿಸಿ ಸಾಹೇಬರೇ, ಬೇಳೆಗೆ ನಮ್ಮಲ್ಲೇನು ಬರ?

ಮನೆಗೆ ಕಳಿಸುವಾಗ ಎಲುಬಿನ ಔಷಧಿಯ ಮಾತು ಅವ್ವನ ಡಿಸ್ಚಾರ್ಜ್ ಹಾಳೆಯಲ್ಲಿ ಒಂದು ಸಾಲೂ ಇರಲಿಲ್ಲ. ಬಚ್ಚಲಲ್ಲಿ ಜಾರಿ ಕುಂತಷ್ಟಕ್ಕೇ ಸೊಂಟ ಮುರಿಯುತ್ತದೆ ಅಂದರೆ ಎಲುಬು ಮೊದಲೇ ಟೊಳ್ಳಾಗಿದೆ ಅಂತ ಅರ್ಥ. ಇಷ್ಟು ಬಿಸಿಲಿದ್ದೂ ನಮ್ಮ ದೇಶದಲ್ಲಿ ವಿಟಮಿನ್ ಡಿ ಕೊರತೆ ಬೇಕಾದಷ್ಟಿದೆ. ಜೋಲೆಡ್ರಾನಿಕ್ ಆಸಿಡ್ ಅಂತ ವರ್ಷಕ್ಕೊಮ್ಮೆ ಸಲೈನಿನಲ್ಲಿ ಹಾಕುವ ಔಷಧಿ ಇದೆ. ಸೊಂಟದ ಆಪರೇಷನ್ ಆದ 2127 ಜನರ ಮೇಲೆ ನೋಡಿ 2007ರಲ್ಲಿ ಬರೆದರು, ಅದನ್ನು ತೆಗೆದುಕೊಂಡವರಲ್ಲಿ ಮತ್ತೆ ಎಲುಬು ಮುರಿಯುವುದು ನೂರಕ್ಕೆ 35ರಷ್ಟು ಕಡಿಮೆ, ಸಾವು ನೂರಕ್ಕೆ 28ರಷ್ಟು ಕಡಿಮೆ. ಕಿಡ್ನಿ, ವಿಟಮಿನ್ ಡಿ ನೋಡಿಕೊಂಡು ಕೊಡಬೇಕು, ಎಲ್ಲರಿಗೂ ಅಲ್ಲ. ಕಾಕಿಗೆ ಎರಡನೇ ವರ್ಷದ್ದು ಈ ತಿಂಗಳು ಹಾಕಿಸಬೇಕು.

ಇನ್ನೊಂದು ಕಷ್ಟದ ಮಾತು ಇದೆ, ಬಿಡುವ ಹಾಗಿಲ್ಲ. ಎಲ್ಲರಿಗೂ ಆಪರೇಷನ್ ಮಾಡಲೇಬೇಕಾ? ನೆದರ್‌ಲ್ಯಾಂಡ್ಸಿನಲ್ಲಿ ಆರೈಕೆ ಮನೆಗಳಲ್ಲಿದ್ದ, ಕಸುವು ಪೂರ್ತಿ ಹೋಗಿದ್ದ 172 ಹಿರಿಯರ ಮುಂದೆ, ಅವರ ಮಕ್ಕಳ ಮುಂದೆ, ಡಾಕ್ಟರುಗಳು ಕುಂತು ಎರಡೂ ದಾರಿ ಬಿಡಿಸಿ ಹೇಳಿದರು. ಅರ್ಧಕ್ಕಿಂತ ಒಂದೆರಡು ಹೆಚ್ಚು ಜನ, 88 ಮಂದಿ, ಆಪರೇಷನ್ ಬೇಡ, ನೋವು ಮಾತ್ರ ತೆಗೆಯಿರಿ ಅಂದರು. ಅವರಲ್ಲಿ ಬಹಳ ಜನ ತಿಂಗಳೊಳಗೆ ಹೋದರು, ಆದರೆ ಉಳಿದ ದಿನಗಳಲ್ಲಿ ಆಪರೇಷನ್ ಆದವರಿಗಿಂತ ಹೆಚ್ಚು ನರಳಲಿಲ್ಲ. 2022ರಲ್ಲಿ ಇದು ಅಚ್ಚಾಯಿತು. ಅಂದರೆ 8ರಲ್ಲಿ ಇರುವ ಮುತ್ಯಾನಿಗೆ ಬೇಡ ಅನ್ನುವುದೂ ಒಂದು ಚಿಕಿತ್ಸೆಯೇ, ಆದರೆ ಅದು ಕೇಳಿ, ಹೇಳಿ, ನೋವಿಗೆ ಔಷಧಿ ಕೊಟ್ಟು ಆಗಬೇಕು. ನಮ್ಮಲ್ಲಿ "ವಯಸ್ಸಾಗಿದೆ, ಮನೆಗೆ ಒಯ್ಯಿರಿ" ಅಂತ ಬಾಗಿಲಲ್ಲೇ ಹೇಳಿ ಕಳಿಸುತ್ತಾರಲ್ಲ, ಅದು ಬೇರೆ. ಬಂದವರೆಲ್ಲರ ಕಸುವಿನ ನಂಬರ್ ಬರೆಯಿರಿ ಅಂತ ನಿಮ್ಮನ್ನು ಕೇಳುವಾಗ ನನಗಿರುವ ಒಂದೇ ಹೆದರಿಕೆಯೂ ಇದೇ. ನಾಳೆ ಯಾರೋ 6 ನೋಡಿ "ಬೇಡ ಬಿಡಿ" ಅನ್ನಬಾರದು. ಕಾಕಿಯೂ 6. ಆ ನಂಬರ್ ಬಾಗಿಲು ಹಾಕಲಿಕ್ಕಲ್ಲ. 6 ಅಂತ ಬರೆದ ಮೇಲೆ ಅವಳ ಹತ್ತಿರ ಎರಡು ಸಲ ಹೆಚ್ಚು ಬರಬೇಕು.

ಹಿರಿಯರ ಆರೋಗ್ಯಕ್ಕಂತಲೇ ಕೇಂದ್ರದ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಯ ಹಿರಿಯರ ವಾರ್ಡು, ಫಿಜಿಯೋಥೆರಪಿ, ಹಾಸಿಗೆ ಹಿಡಿದವರ ಮನೆಗೇ ಹೋಗಿ ನೋಡುವುದು, ಎಲ್ಲ ಅದರ ಕಾಗದದಲ್ಲಿದೆ. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಇದೆ, ಅಭಿವೃದ್ಧಿ ಮಂಡಳಿ ಇದೆ. ನಾನು ಹೊಸ ಕಟ್ಟಡ ಕೇಳುತ್ತಿಲ್ಲ. ಮೂರು ಜಿಲ್ಲೆಯ ಆಸ್ಪತ್ರೆಗಳಲ್ಲಿ ಸೊಂಟ ಮುರಿದು ಬಂದವರಿಗೆ ಒಂದು ರಿಜಿಸ್ಟರ್ ಇಡಿ. ಬಂದ ಗಂಟೆ, ಎರಡು ವಾರದ ಹಿಂದಿನ ಕಸುವಿನ ನಂಬರ್, ಟೇಬಲ್ಲಿಗೆ ಹೋದ ಗಂಟೆ, ಮೊದಲ ಸಲ ಎದ್ದು ನಿಂತ ಗಂಟೆ, ಮೂವತ್ತನೇ ದಿನ ಫೋನ್ ಮಾಡಿದಾಗ ಹೇಗಿದ್ದಾರೆ. ಐದು ಕಾಲಮ್. ತಿಂಗಳಿಗೊಮ್ಮೆ ಆಸ್ಪತ್ರೆಯ ಗೋಡೆಗೆ ಹಚ್ಚಿ. ಭಾನುವಾರವೂ ಒಬ್ಬ ಫಿಜಿಯೋ ಇರಲಿ, ಸೊಂಟಕ್ಕೆ ಭಾನುವಾರ ಗೊತ್ತಾಗುವುದಿಲ್ಲ. ಮಂಚದ ಸುತ್ತ ಪರದೆ ಹಾಕಿಸಿ.

ಓದುತ್ತಿರುವ ಮನೆಯವರೇ, ಬಚ್ಚಲ ಪರಸಿ ಕಲ್ಲಿಗೆ ಟಾಕಿ ಹಾಕಿಸಿ ಒರಟು ಮಾಡಿಸಿ, ಗೋಡೆಗೆ ಒಂದು ಪೈಪು ಹೊಡೆಸಿ, ರಾತ್ರಿ ಒಂದು ಸಣ್ಣ ಬಲ್ಬು ಉರಿಯಲಿ. ನಮ್ಮ ಮನೆಯಲ್ಲಿ ಮೂರೂ ಆಗಿವೆ, ಅವ್ವ ಹೋದ ಮೇಲೆ.

ಅವ್ವ ಹನ್ನೊಂದು ದಿನ ಹಿಡಿದಿದ್ದ ವಾಕರ್ ಈಗ ಕಾಕಿಯ ಹತ್ತಿರ ಇದೆ. ಅದನ್ನು ಹಿಡಿದು ಕಟ್ಟೆಯವರೆಗೆ ಬರುತ್ತಾಳೆ, ಯಾರಾದರೂ ನೋಡುತ್ತಿದ್ದರೆ ಮಾತ್ರ ಅದನ್ನು ಬಾಗಿಲ ಹಿಂದೆ ಇಟ್ಟು ಗೋಡೆ ಹಿಡಿಯುತ್ತಾಳೆ. ಸ್ನಾನಕ್ಕೆ ಈಗಲೂ ಸೊಸೆ ಬೇಕು. ಬೈಗುಳಕ್ಕೆ ಯಾರ ಆಸರೆಯೂ ಬೇಕಿಲ್ಲ.

ನೋಟ್‌ಬುಕ್ಕಿನ ಎರಡೂ ಪುಟಗಳ ಝೆರಾಕ್ಸ್ ಈ ಪತ್ರದ ಜೊತೆ ಇಟ್ಟಿದ್ದೇನೆ. ಆಸ್ಪತ್ರೆಗಳ ಹೆಸರು ಇದ್ದಲ್ಲಿ ಮಸಿ ಬಳಿದಿದ್ದೇನೆ, ತಾರೀಖು, ಗಂಟೆ ಹಾಗೇ ಇವೆ. ರಿಜಿಸ್ಟರಿನ ಕಾಲಮ್ ಹಾಕಿಕೊಡಲು ಯಾರಾದರೂ ಬೇಕಿದ್ದರೆ ಕರೆಯಿರಿ, ಗೆರೆ ಎಳೆದು ಕೊಡುತ್ತೇನೆ. ಸದ್ಯ ತೊಗರಿ ಸೀಸನ್, ರಾತ್ರಿ ಒಂಬತ್ತರವರೆಗೆ ಮಿಲ್ಲಿನಲ್ಲೇ ಇರುತ್ತೇನೆ.

ಇಂತಿ,
ದಾಲ್ ಮಿಲ್ಲಿನ ಲೆಕ್ಕದವ, ಕಲಬುರಗಿ